ಐದನೇ ಗುಹೆಯ ಕಲ್ಲುಮಂಚ

ಕಲ್ಲಿನಲ್ಲಿ ಕೊರೆದವರು ಎರಡು ಸಾವಿರ ವರ್ಷದಿಂದ ಕೂತೇ ಇದ್ದಾರೆ. ಏಳು ಎಂದು ಅವರಿಗೆ ಯಾರೂ ಹೇಳಿಲ್ಲ. ಬಾವಲಮ್ಮ ಒಂದು ಗಳಿಗೆ ಕೂತರೆ ಮಾತ್ರ ಇಡೀ ಪುರಾತತ್ವ ಇಲಾಖೆಗೆ ಮೈಯೆಲ್ಲ ಉರಿ.

ಬಾವಲಮ್ಮ ಎಂಬುದು ಅವಳ ಹೆಸರಲ್ಲ. ಟಿಕೆಟ್ ಗೇಟಿನವನು ಇಟ್ಟದ್ದು. ಗುಹೆಗಳಲ್ಲಿ ಬಾವಲಿಗಳಿದ್ದವು, ಬಾವಲಿಗಳ ಹಿಕ್ಕೆ ಇತ್ತು, ಹಿಕ್ಕೆ ಕೆರೆಯಲು ಇವಳಿದ್ದಳು. ಹೆಸರಿಡಲು ಅವನಿಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷ ಹಾಗೇ ಕರೆಸಿಕೊಂಡ ಮೇಲೆ, ನಿಜವಾದ ಹೆಸರು ಏನೆಂದು ಯಾರಾದರೂ ಕೇಳಿದರೆ ಅವಳೇ ತುಸು ಯೋಚಿಸಬೇಕಿತ್ತು.

ಗುಡ್ಡದಲ್ಲಿ ಒಂಬತ್ತು ಗುಹೆ. ಕೆಳಗಿನ ನಾಲ್ಕು ಬೌದ್ಧರವು, ಮೇಲಿನ ನಾಲ್ಕು ಜೈನರವು. ಕೆಳಗೆ ಬುದ್ಧ ಕಣ್ಣು ಅರೆಮುಚ್ಚಿ ಕೂತಿದ್ದಾನೆ. ಮೇಲೆ ತೀರ್ಥಂಕರರು ಮೈಮೇಲೆ ನೂಲೆಳೆಯೂ ಇಲ್ಲದೆ ನಿಂತಿದ್ದಾರೆ. ಬಾವಲಿಗಳು ಇಬ್ಬರಲ್ಲಿ ಭೇದ ಮಾಡಿದವಲ್ಲ. ಬುದ್ಧನ ಮಡಿಲಿಗೆ ಎಷ್ಟು ಬೀಳುತ್ತದೋ ತೀರ್ಥಂಕರರ ಹೆಗಲಿಗೂ ಅಷ್ಟೇ ಬೀಳುತ್ತದೆ. ಇಬ್ಬರೂ ಮುಖ ಸಿಂಡರಿಸುವುದಿಲ್ಲ. ಮುಖ ಸಿಂಡರಿಸುವವರು ಟಿಕೆಟ್ ಕೊಂಡು ಬರುವವರು. ಆದ್ದರಿಂದ ಗೇಟು ತೆರೆಯುವ ಮೊದಲೇ ಎಲ್ಲ ಶುದ್ಧವಾಗಿರಬೇಕು.

ಬೆಳಕು ಹರಿಯುತ್ತಲೇ ಬಾವಲಮ್ಮ ಏಣಿ ಹೊತ್ತು ಬರುತ್ತಾಳೆ. ಮೂಗಿಗೆ ಬಟ್ಟೆ ಕಟ್ಟುತ್ತಾಳೆ. ಕೈಯಲ್ಲಿ ಒಂದು ಕರಣೆ. ಗಾರೆಯವರು ಗೋಡೆಗೆ ಮೆತ್ತುವ ಕರಣೆಯೇ, ಆದರೆ ಸವೆದು ಸವೆದು ಅರ್ಧವಾಗಿದೆ. ಹಿಕ್ಕೆ ಒಣಗಿದರೆ ಕಲ್ಲಿಗೆ ಕಲ್ಲಾಗುತ್ತದೆ. ಕೆರೆಯಬೇಕು. ಜೋರಾಗಿ ಕೆರೆದರೆ ಮೂರ್ತಿಗೆ ಗೀರು ಬೀಳುತ್ತದೆ, ಮೆಲ್ಲಗೆ ಕೆರೆದರೆ ಹಿಕ್ಕೆ ಬಿಡುವುದಿಲ್ಲ. ಬುದ್ಧನ ಕಿವಿಯ ಹಿಂದೆ ಬೆರಳು ಹಾಕಿ ತೆಗೆಯಬೇಕು, ಮಗುವಿನ ಕಿವಿ ಒರೆಸಿದ ಹಾಗೆ. ನಾತಕ್ಕೆ ಕಣ್ಣು ಉರಿಯುತ್ತದೆ. ಮಧ್ಯಾಹ್ನದವರೆಗೂ ಕೆಮ್ಮು. ಆಮೇಲೆ ಚೀಲ ತುಂಬಿ ತಲೆಗೇರಿಸಿ ನೂರ ಹನ್ನೆರಡು ಮೆಟ್ಟಿಲು ಇಳಿಯಬೇಕು. ಎದುರು ಬಂದವರು ಗೋಡೆಗೆ ಅಂಟಿ ನಿಂತು ದಾರಿ ಬಿಡುತ್ತಾರೆ. ದೊಡ್ಡವರು ಬಂದರೂ ಇಷ್ಟು ಮರ್ಯಾದೆಯ ದಾರಿ ಸಿಗುವುದಿಲ್ಲ ಎಂದು ಬಾವಲಮ್ಮ ಸೊಸೆಗೆ ಹೇಳಿ ನಗುತ್ತಿದ್ದಳು.

ಒಂಬತ್ತರಲ್ಲಿ ಉಳಿದದ್ದು ಐದನೆಯದು. ಅದು ಬರಿಗುಹೆ. ಒಳಗೆ ಮೂರ್ತಿಯಿಲ್ಲ, ಚಿತ್ರವಿಲ್ಲ. ಒಂದು ಕಲ್ಲುಮಂಚ, ಅದರ ತಲೆಯ ಕಡೆ ಕಲ್ಲಿನದೇ ದಿಂಬು, ಅಷ್ಟೇ. ಯಾವ ಮತದ ಸನ್ಯಾಸಿ ಮಲಗಿದ್ದನೋ ಯಾರಿಗೂ ಗೊತ್ತಿಲ್ಲ. ನೋಡುವುದಕ್ಕೆ ಏನೂ ಇಲ್ಲದ್ದರಿಂದ ಯಾರೂ ಬರುತ್ತಿರಲಿಲ್ಲ. ಯಾರೂ ಬಾರದ್ದರಿಂದ ಗುಡಿಸುವವರು ಅಲ್ಲಿ ಕೂರುತ್ತಿದ್ದರು.

ಕೂರುವುದೂ ಒಂದು ವಂಶದ ಆಸ್ತಿಯಂತೆ ಬಂದಿತ್ತು. ಬಾವಲಮ್ಮನ ಅತ್ತೆ ಕೂತದ್ದು ಅಲ್ಲೇ. ಅತ್ತೆಯ ಅತ್ತೆ ಕೂತದ್ದೂ ಅಲ್ಲೇ. ಗುಡ್ಡದ ಹಿಂದಿನ ಓಣಿಯ ಈ ಮನೆಯಲ್ಲಿ ಕೆಲಸ ಅತ್ತೆಯಿಂದ ಸೊಸೆಗೆ ಹೋಗುತ್ತದೆ, ಕರಣೆಯೂ ಹಾಗೇ. ಮಂಚದ ಅಂಚಿನಲ್ಲಿ ಕೂತು, ಎಡ ಹಿಮ್ಮಡಿಯನ್ನು ಕೆಳಗಿನ ಕಲ್ಲುಕಟ್ಟೆಯ ಮೇಲೆ ಊರಿ, ಬಲಗೈಯಲ್ಲಿ ಕರಣೆ ಹಿಡಿದು ಕಲ್ಲಿಗೆ ಮಸೆಯಬೇಕು. ದಿನಕ್ಕೆರಡು ಸಲ ಮಸೆಯದಿದ್ದರೆ ಕರಣೆ ಕೆಲಸಕ್ಕೆ ಬರುವುದಿಲ್ಲ. ಕಲ್ಲು ಮೆತ್ತನೆಯ ಜಾತಿ, ಉಗುರಿಗೂ ಪುಡಿ ಬರುತ್ತದೆ. ಮೂರು ತಲೆಮಾರು ಕೂತು, ಮಸೆದು, ಮರಳು ಹಾಕಿ ತಿಕ್ಕಿ ತೊಳೆದು, ಮಂಚದ ಅಂಚು ತಗ್ಗಾಗಿತ್ತು. ಕುಂಡೆಯ ಅಳತೆಗೆ ಒಂದು ತಗ್ಗು, ಹಿಮ್ಮಡಿಯ ಅಳತೆಗೆ ಒಂದು ಗುಳಿ, ಬಲಗಡೆ ಕರಣೆಯ ಉದ್ದಕ್ಕೆ ಒಂದು ಗೀಟು. ಕನ್ನಡಿಯಂತೆ ಹೊಳೆಯುತ್ತಿತ್ತು.

ಆ ಮನೆಗೆ ಒಂದು ಕಟ್ಟಳೆಯಿತ್ತು. ಸೊಸೆಗೆ ಏಳು ತಿಂಗಳು ತುಂಬಿದರೆ ಅತ್ತೆ ಎದ್ದು ಜಾಗ ಬಿಡಬೇಕು. ಅಲ್ಲಿಂದ ಹೆರಿಗೆಯವರೆಗೆ ಏಣಿ ಹತ್ತುವುದು, ಚೀಲ ಹೊರುವುದು ಅತ್ತೆಯ ಪಾಲು. ತಂಪಿನಲ್ಲಿ ಕೂತು ಕರಣೆ ಮಸೆಯುವುದು, ಬಟ್ಟೆ ಹಿಂಡುವುದು ಸೊಸೆಯ ಪಾಲು. ಯಾವ ಶಾಸನದಲ್ಲೂ ಕೆತ್ತಿದ್ದಲ್ಲ, ಆದರೆ ಯಾವ ಅತ್ತೆಯೂ ಮೀರಿದ್ದಿಲ್ಲ. ಬಾವಲಮ್ಮನ ಅತ್ತೆ ಬಾಯಿ ಬಿಟ್ಟರೆ ಬೈಗುಳ ಎನ್ನುವಂಥ ಹೆಂಗಸು. ಅವಳೂ ಆ ದಿನ ಎದ್ದು, "ಕೂತ್ಕೊ, ಇನ್ನು ನೀನು ಏಣಿ ಮುಟ್ಟಿದ್ರೆ ಕೈ ಮುರೀತೀನಿ" ಅಂದಿದ್ದಳು. ಅವಳ ಪ್ರೀತಿ ಬರುತ್ತಿದ್ದದ್ದೇ ಆ ಚಂದದಲ್ಲಿ.

ಈಗ ಬಾವಲಮ್ಮನ ಸೊಸೆಗೆ ಆರು ತಿಂಗಳು. ಹೋದ ವರ್ಷ ಒಂದು ಬಸುರು ನಿಂತಿತ್ತು. ಐದನೇ ತಿಂಗಳಲ್ಲಿ, ಚೀಲ ತಲೆಯ ಮೇಲಿದ್ದಾಗಲೇ, ಎಪ್ಪತ್ತನೇ ಮೆಟ್ಟಿಲ ಹತ್ತಿರ ಹೋಗಿಬಿಟ್ಟಿತು. ರಕ್ತ ತೊಳೆಯಲು ಗೇಟಿನವನು ಬಕೆಟ್ ಕೊಟ್ಟಿದ್ದ. ತೊಳೆದವಳು ಬಾವಲಮ್ಮನೇ. ಈ ಸಲ ಏಳು ತುಂಬುವವರೆಗೂ ಕಾಯುವುದಿಲ್ಲ, ಬರುವ ಸೋಮವಾರದಿಂದಲೇ ಕೂರಿಸಿಬಿಡುತ್ತೇನೆ ಎಂದು ಅವಳು ನಿಶ್ಚಯಿಸಿದ್ದಳು.

ಆ ಸೋಮವಾರದ ಹಿಂದಿನ ಗುರುವಾರವೇ ಪಂಡಿತರು ಬಂದರು.

ಇಬ್ಬರು. ಒಬ್ಬರು ಬೌದ್ಧ ವಿಷಯದಲ್ಲಿ ದೊಡ್ಡವರು, ತಲೆಗೆ ಟೋಪಿ. ಇನ್ನೊಬ್ಬರು ಜೈನ ವಿಷಯದಲ್ಲಿ ದೊಡ್ಡವರು, ಮೂಗಿಗೆ ದಪ್ಪ ಕನ್ನಡಕ. ಇಲಾಖೆಯ ಸಾಹೇಬರು ಇಬ್ಬರಿಗೂ ಕೊಡೆ ಹಿಡಿದು ಕರೆತಂದರು. ಬಿಸಿಲು ತಾಳದೆ ಐದನೇ ಗುಹೆಗೆ ನುಗ್ಗಿದವರು ಹೊಳೆಯುವ ತಗ್ಗನ್ನು ಕಂಡು ನಿಂತುಬಿಟ್ಟರು. ಟೋಪಿಯ ಪಂಡಿತರು ಟಾರ್ಚ್ ಬಿಟ್ಟರು. ಕನ್ನಡಕದ ಪಂಡಿತರು ಟೇಪು ಬಿಚ್ಚಿದರು.

"ಇದು ಆಸನ" ಅಂದರು ಟೋಪಿಯವರು. "ನೂರಾರು ವರ್ಷ, ಒಬ್ಬರ ನಂತರ ಒಬ್ಬರು ಭಿಕ್ಷುಗಳು ಇಲ್ಲೇ ಕೂತು ಧ್ಯಾನ ಮಾಡಿದಾರೆ. ಕಲ್ಲೇ ಕರಗಿಹೋಗಿದೆ ನೋಡಿ! ಪಕ್ಕದಲ್ಲಿರೋ ಗೀಟು ತಾಳೆಗರಿ ಮೇಲೆ ಬರೆಯೋ ಉಕ್ಕಿನ ಕಂಟ ಇಡೋಕೆ."

"ಆಸನ ಹೌದು, ಭಿಕ್ಷುಗಳದ್ದಲ್ಲ" ಅಂದರು ಕನ್ನಡಕದವರು. "ಇದು ಮುನಿಗಳದ್ದು. ಗೀಟು ನವಿಲುಗರಿಯ ಪಿಂಛ ಇಡೋ ಜಾಗ. ಕೂರೋ ಮೊದಲು ಹುಳಹುಪ್ಪಟೆ ಸಾಯಬಾರದು ಅಂತ ಗುಡಿಸಿಕೊಳ್ತಿದ್ದರಲ್ಲ, ಆ ಪಿಂಛ."

ಮೂಲೆಯಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದ ಬಾವಲಮ್ಮನಿಗೆ ಕುತೂಹಲವಾಯಿತು. "ಅವರೂ ಗುಡಿಸ್ತಿದ್ರಾ ಸಾರ್?"

ಯಾರೂ ಅವಳತ್ತ ನೋಡಲಿಲ್ಲ. ಟೋಪಿಯವರು ಗೀಟಿನೊಳಗೆ ಬೆರಳಾಡಿಸಿ ಬೆಳಕಿಗೆ ಹಿಡಿದರು. ಬೆರಳ ತುದಿಯಲ್ಲಿ ಕೆಂಗಂದು ಪುಡಿ.

"ಕಾವಿ! ಕಾಷಾಯ ವಸ್ತ್ರದ ಬಣ್ಣ! ಇನ್ನೇನು ಸಾಕ್ಷಿ ಬೇಕು?"

"ಸಾರ್, ಅದು ತುಕ್ಕು" ಅಂದಳು ಬಾವಲಮ್ಮ. "ಕರಣೆದು. ನಾವು ಇಲ್ಲಿ ಮಸೀತೀವಿ. ಕೂತಿರೋದೂ ನಾವೇ. ನಮ್ಮತ್ತೆ, ನಮ್ಮತ್ತೆಯವರ ಅತ್ತೆ..."

"ಸುಮ್ನಿರಮ್ಮ, ದೊಡ್ಡವರು ಮಾತಾಡ್ತಿದಾರೆ" ಅಂದರು ಸಾಹೇಬರು. ಗೇಟಿನವನಿಗೆ ಕಣ್ಸನ್ನೆ ಮಾಡಿದರು. ಅವನು ಕೋಲಿನ ತುದಿಯಿಂದ ಅವಳ ಬುತ್ತಿಯ ಗಂಟನ್ನು ತಟ್ಟಿ ಹೊರಗೆ ತೋರಿಸಿದ. ಕೈಯಿಂದ ಮುಟ್ಟಲಿಲ್ಲ. ಹಿಂದಿನ ಓಣಿಯವರನ್ನು ಕೈಯಿಂದ ಮುಟ್ಟುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಎರಡು ವಾರ ಪಂಡಿತರಿಬ್ಬರೂ ಪತ್ರಿಕೆಯಲ್ಲಿ ಜಗಳವಾಡಿದರು. ಭಿಕ್ಷುವಿನದೋ ಮುನಿಯದೋ ಎಂದು ಇಬ್ಬರೂ ಮೈ ಪರಚಿಕೊಂಡರು. ಕೂತವನ ನಡುವಿನ ಅಳತೆ ಹಾಕಿ ಒಬ್ಬರು ಅವನು ಮಿತಾಹಾರಿ ಎಂದರು, ಇನ್ನೊಬ್ಬರು ಉಪವಾಸಿ ಎಂದರು. ಅದರಲ್ಲಿ ಇಬ್ಬರೂ ಸತ್ಯದ ಹತ್ತಿರವೇ ಇದ್ದರು. ಬಾವಲಮ್ಮನ ಅತ್ತೆಯ ಅತ್ತೆ ಹೊಟ್ಟೆ ತುಂಬ ಉಂಡದ್ದನ್ನು ಯಾರೂ ಕಂಡಿರಲಿಲ್ಲ.

ಸಾಹೇಬರು ಜಾಣರು. ಇಬ್ಬರನ್ನೂ ಸಮಾಧಾನ ಮಾಡಿ ಒಂದು ರಟ್ಟಿನ ಫಲಕ ಬರೆಸಿದರು. "ಪ್ರಾಚೀನ ಶ್ರಮಣರ ಧ್ಯಾನಪೀಠ. ಸಮತೆ ಮತ್ತು ಕರುಣೆಯ ಸಂಕೇತ. ಇಲ್ಲಿ ಕೂರಬಾರದು." ಸುತ್ತ ನಾಲ್ಕು ಹಿತ್ತಾಳೆ ಕಂಬ, ಕೆಂಪು ಮಖಮಲ್ಲಿನ ಹಗ್ಗ. ಆ ತಗ್ಗಿನ ಚಿತ್ರ ಲಾಂಛನವಾಗಿ ಇಲಾಖೆಯ ಪತ್ರದ ತಲೆಗೂ ಬಂತು. ಬಾವಲಮ್ಮನ ಮನೆತನದ ಕುಂಡೆಯ ಗುರುತು ಇಲಾಖೆಯ ಎಲ್ಲ ಪತ್ರಗಳ ಮೇಲೂ ಅಚ್ಚಾಯಿತು. ಪಾಪ, ಅವರಿಗೆ ಗೊತ್ತಿರಲಿಲ್ಲ.

ಪಂಡಿತರು ಬಂದ ಗುರುವಾರದಿಂದಲೇ ಅಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲ. ಬಾವಲಮ್ಮ ನಿಶ್ಚಯಿಸಿದ್ದ ಸೋಮವಾರ ಹಾಗೇ ಬಂತು, ಹೋಯಿತು. ಸೊಸೆ ಬಿಸಿಲಿನ ಮೆಟ್ಟಿಲ ಮೇಲೆ ಕೂತು ಉಂಡಳು. ಕಲ್ಲು ಬಾಣಲೆಯಂತೆ ಕಾದಿತ್ತು. ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮೊದಲು ಕೆಲಸದವರಿಗೆಂದು ಒಂದು ತಗಡಿನ ಕೊಟ್ಟಿಗೆ ಇತ್ತು. ಅದನ್ನು ಕೆಡವಿ ಇಲಾಖೆ ಧ್ಯಾನಕೇಂದ್ರ ಕಟ್ಟಿಸಿತ್ತು. ಅಲ್ಲಿ ತಂಪು ಗಾಳಿಯ ಯಂತ್ರ, ಮೆತ್ತೆ, ಗಂಧದ ಪರಿಮಳ. ದುಃಖದಿಂದ ಬಿಡುಗಡೆ ಹೇಗೆ ಎಂದು ಟಿಕೆಟ್ ಕೊಂಡವರಿಗೆ ಅಲ್ಲಿ ಕಲಿಸುತ್ತಿದ್ದರು. ಬಾಗಿಲಿನ ಮೇಲೆ "ಸರ್ವರಿಗೂ ಸ್ವಾಗತ" ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಸಿಬ್ಬಂದಿಗೆ ಪ್ರವೇಶವಿಲ್ಲ" ಎಂದಿತ್ತು.

ಬಾವಲಮ್ಮ ಸಾಹೇಬರ ಕೋಣೆಯ ಹೊಸ್ತಿಲ ಹೊರಗೆ ನಿಂತು ಕೇಳಿದಳು.

"ಸಾರ್, ಸೊಸೆ ಬಸುರಿ. ಹೋದ ಸಲ ಏನಾಯ್ತು ಅಂತ ನಿಮಗೂ ಗೊತ್ತು. ಕೂರೋಕೆ ಒಂದು ನೆರಳು ತೋರಿಸಿ."

ಸಾಹೇಬರು ಕನಿಕರದಿಂದಲೇ ಮಾತಾಡಿದರು. "ನೋಡಮ್ಮ, ಬುದ್ಧ ಯಾವ ಬಂಗಲೆ ಕೇಳಿದ್ದ? ಮರದ ಕೆಳಗೆ ಕೂತಿರಲಿಲ್ವಾ?"

"ಇಲ್ಲಿ ಮರ ಎಲ್ಲಿದೆ ಸಾರ್? ಕಾರು ನಿಲ್ಲಿಸೋಕೆ ಅಂತ ಎಲ್ಲ ಕಡಿಸಿಬಿಟ್ರಲ್ಲ."

ಸಾಹೇಬರ ಮುಖ ಹುಳ್ಳಗಾಯಿತು. "ತಲೆಹರಟೆ ಮಾಡಬೇಡ. ಆಗದಿದ್ರೆ ಬಿಟ್ಟುಹೋಗ್ಲಿ. ಇನ್ನೊಬ್ಬಳು ಸಿಗ್ತಾಳೆ."

ಬಾವಲಮ್ಮ ಅಲ್ಲಿಂದ ಹೊರಟಳು. ಏಣಿ ಹತ್ತಿ ಬುದ್ಧನ ಮಡಿಲು ಒರೆಸಿದಳು. ಒರೆಸುತ್ತ ಕೇಳಿಯೂ ಕೇಳಿದಳು: "ಅಲ್ಲ ತಂದೆ, ನೀನು ಎದ್ದುಹೋದ್ರೆ ನಿನ್ನ ಜಾಗದಲ್ಲಾದ್ರೂ ಕೂರಿಸ್ತಿದ್ದೆ." ಅವನು ಏಳಲಿಲ್ಲ. ಅವನ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ. ಎದ್ದರೆ ಅವನನ್ನೂ ಇವರು ಮೆಟ್ಟಿಲ ಮೇಲೆ ಕೂರಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಪೀಠದ ಲೋಕಾರ್ಪಣೆಯ ದಿನ ಗೊತ್ತಾಯಿತು. ದೊಡ್ಡ ಅತಿಥಿ ಬರುತ್ತಾರೆ. ಮೂರು ದಿನ ಅತ್ತೆ ಸೊಸೆ ಇಬ್ಬರೂ ಸೊಂಟ ಬೀಳುವಂತೆ ದುಡಿದರು. ಒಂಬತ್ತು ಗುಹೆ ತೊಳೆದರು, ನೂರ ಹನ್ನೆರಡು ಮೆಟ್ಟಿಲು ತಿಕ್ಕಿದರು. ಆ ದಿನ ಬೆಳಿಗ್ಗೆ ಸಾಹೇಬರು ಹೊಸ ಅಪ್ಪಣೆ ಕೊಟ್ಟರು. ಕಾರ್ಯಕ್ರಮ ಮುಗಿಯುವ ತನಕ ಗುಡಿಸುವವರು ಯಾರ ಕಣ್ಣಿಗೂ ಬೀಳಬಾರದು. ಐದನೇ ಗುಹೆಯ ಪಕ್ಕದ ಬಂಡೆಯ ಹಿಂದೆ ನಿಂತಿರಬೇಕು. ನಿಂತೇ ಇರಬೇಕು, ಕೂತರೆ ತಲೆ ಕಾಣದಿದ್ದರೂ ಕಾಲು ಆಚೆ ಚಾಚುತ್ತದೆ.

ಬಂಡೆಯ ಹಿಂದೆ ಎಳ್ಳಷ್ಟೂ ನೆರಳಿರಲಿಲ್ಲ. ಅತಿಥಿ ಬಂದದ್ದೇ ಎರಡು ಗಂಟೆ ತಡವಾಗಿ. ಬಂದ ಮೇಲೆ ಭಾಷಣ. ಗುಹೆಯೊಳಗಿನ ಮಾತು ಮೈಕಿನಲ್ಲಿ ಬಂಡೆಯ ಹಿಂದಕ್ಕೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಈ ಕಲ್ಲು ನಮಗೆ ಏನು ಹೇಳುತ್ತದೆ?" ಎಂದರು ಅತಿಥಿ. "ಮೇಲು ಕೀಳು ಇಲ್ಲ ಎನ್ನುತ್ತದೆ. ಒಂದು ಇರುವೆಗೂ ನೋವಾಗಬಾರದು ಎನ್ನುತ್ತದೆ."

ಸೊಸೆಯ ತುಟಿ ಬೆಳ್ಳಗಾಗಿತ್ತು. "ಅತ್ತೆ, ಕಣ್ಣು ಕತ್ತಲೆ ಬರ್ತಿದೆ" ಅಂದಳು. ಬಂಡೆಗೆ ಕೈಯೂರಲು ಹೋಗಿ, ಬಂಡೆ ಸುಟ್ಟು, ಕೈ ಹಿಂದೆಗೆದುಕೊಂಡಳು. ಇನ್ನೊಂದು ಕೈ ಹೊಟ್ಟೆಯ ಕೆಳಗಿತ್ತು. ಹೋದ ವರ್ಷ ಎಪ್ಪತ್ತನೇ ಮೆಟ್ಟಿಲ ಹತ್ತಿರವೂ ಅವಳು ಹೀಗೇ ಕೈ ಇಟ್ಟುಕೊಂಡಿದ್ದಳು.

ಬಾವಲಮ್ಮ ಅದನ್ನು ನೋಡಿದಳು. ಅಷ್ಟೇ. ಮತ್ತೆ ಯೋಚಿಸಲಿಲ್ಲ.

"ಪೊರಕೆ ಊರ್ಕೊಂಡು ನಿಂತಿರು. ಕರೀತೀನಿ" ಅಂದಳು. ಕರಣೆ ಕೈಯಲ್ಲಿತ್ತು. ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಬಂಡೆಯನ್ನು ಸುತ್ತಿ ಗುಹೆಯ ಬಾಯಿಗೆ ಬಂದಳು. ಜನ ತಾವಾಗಿಯೇ ಸರಿದರು. ಬೆಳಗಿನ ಕೆಲಸದ ಹಿಕ್ಕೆ ಅವಳ ಬಟ್ಟೆಯ ಮೇಲೆ ಹಾಗೇ ಇತ್ತು. ಆ ದಾರಿಯಲ್ಲಿ ನೇರ ನಡೆದು, ಅತಿಥಿಯ ಪಕ್ಕದಿಂದ ಹಾದು, ಹಗ್ಗದ ಕೆಳಗೆ ಬಗ್ಗಿ ಒಳಗೆ ಹೋಗಿ ಕೂತಳು.

ಮೈಕು ಕೊಂಯ್ ಅಂದಿತು.

ತಗ್ಗಿನಲ್ಲಿ ಅವಳ ಕುಂಡೆ ಕೂದಲೆಳೆಯ ಸಂದಿಲ್ಲದಂತೆ ಕೂತಿತು. ಎಡ ಹಿಮ್ಮಡಿ ತನ್ನಷ್ಟಕ್ಕೆ ಗುಳಿಗೆ ಇಳಿಯಿತು. ಬಲಗೈ ಕರಣೆಯನ್ನು ಗೀಟಿಗೆ ಹಾಕಿತು. ಹಾಕಿ ಒಂದು ಸಲ ಎಳೆಯಿತು. ಕರ್ರ್. ಇನ್ನೊಂದು ಸಲ. ಕರ್ರ್. ಟೋಪಿಯ ಪಂಡಿತರು ಬಾಯಿ ತೆರೆದವರು ಮುಚ್ಚಲಿಲ್ಲ. ಕನ್ನಡಕದ ಪಂಡಿತರ ಕೈ ಅಭ್ಯಾಸಬಲದಿಂದ ಜೇಬಿನ ಟೇಪಿಗೆ ಹೋಯಿತು.

"ಏಳಮ್ಮ! ಹದಿನೆಂಟು ಶತಮಾನದ ಪೀಠ ಅದು!" ಎಂದು ಚೀರಿದರು ಟೋಪಿಯವರು.

"ನಮ್ಮತ್ತೆಯವರ ಅತ್ತೆ ಅಂಡು ಸವೆಸಿದ ಕಲ್ಲು ಇದು" ಅಂದಳು ಬಾವಲಮ್ಮ. "ಆಮೇಲೆ ನಮ್ಮತ್ತೇದು. ಆಮೇಲೆ ನಂದು. ಕಾವಿ ಅಂದ್ರಲ್ಲ, ತಗೊಳ್ಳಿ." ತುಕ್ಕು ಮೆತ್ತಿದ ಹೆಬ್ಬೆರಳು ಚಾಚಿದಳು. "ನೋಡಿ, ನಾನೂ ಸನ್ಯಾಸಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತಿಥಿ ಸಾಹೇಬರ ಕಿವಿಯ ಹತ್ತಿರ ಬಾಗಿ, ಇದು ಕಾರ್ಯಕ್ರಮದ ಭಾಗವೇ ಎಂದು ಕೇಳಿದರು. ಉತ್ತರ ಬರುವ ಮುಂಚೆಯೇ, ನಾಟಕ ಎಂದುಕೊಂಡು ಇಬ್ಬರು ಚಪ್ಪಾಳೆ ತಟ್ಟಿದರು. ಸಾಹೇಬರಿಗೆ ಪಿತ್ತ ನೆತ್ತಿಗೇರಿತು.

"ಎಬ್ಬಿಸ್ರೋ ಅವಳನ್ನ!"

ಗೇಟಿನವನು ಕೋಲು ಹಿಡಿದು ಮುಂದೆ ಬಂದ. ಅವಳ ಬಟ್ಟೆ ನೋಡಿದ. ನಿಂತ. ಅತಿಥಿಯ ಕಾವಲಿನವನತ್ತ ನೋಡಿದ. ಕಾವಲಿನವನು ತನ್ನ ಇಸ್ತ್ರಿಯ ತೋಳು ನೋಡಿಕೊಂಡ. ಕೋಲಿನಿಂದ ತಿವಿದರೆ ಕ್ಯಾಮೆರಾಗಳಿದ್ದವು. ಕೈಯಿಂದ ಎಳೆದರೆ ಮುಟ್ಟಬೇಕಿತ್ತು. ಹತ್ತು ಗಂಡಸರು ಒಬ್ಬ ಮುದುಕಿಯ ಸುತ್ತ ಮುಟ್ಟಲಾರದೆ ನಿಂತರು. ಇಷ್ಟು ದಿನ ಅವಳನ್ನು ದೂರ ಇಟ್ಟದ್ದೇ ಅವರಿಗೆ ಈಗ ಅಡ್ಡ ಬಂದಿತ್ತು.

"ನಾಳೆಯಿಂದ ನಿನಗೆ ಕೆಲಸ ಇಲ್ಲ, ನೆನಪಿರಲಿ!" ಅಂದರು ಸಾಹೇಬರು.

"ಆಯ್ತು ಸಾರ್. ನಾಳೆ ಬೆಳಿಗ್ಗೆ ಏಣಿ ನೀವೇ ಹತ್ತಿ. ಬುದ್ಧನ ಕಿವಿ ಹಿಂದೆ ಮಾತ್ರ ಬೆರಳು ಹಾಕೇ ತೆಗೀಬೇಕು, ಕರಣೆ ಹೋಗಲ್ಲ."

ಕರ್ರ್. ಕರ್ರ್.

ಸಾಹೇಬರ ತಲೆಗೆ ಕೊನೆಗೂ ಒಂದು ಉಪಾಯ ಹೊಳೆಯಿತು. ಕೊಳೆ ತೆಗೆಯುವವರು ಇರುವುದು ಯಾತಕ್ಕೆ? "ಗುಡಿಸೋರನ್ನ ಕರೀರಿ! ಇವಳನ್ನ ಆಚೆ ಹಾಕಿಸಿ!"

ಗುಡಿಸುವವರು ಇದ್ದದ್ದೇ ಇಬ್ಬರು. ಒಬ್ಬಳು ಪೀಠದ ಮೇಲಿದ್ದಳು. ಗೇಟಿನವನು ಹೊರಗೆ ಓಡಿ ಇನ್ನೊಬ್ಬಳನ್ನು ಕರೆದ. ಸೊಸೆ ಗೋಡೆಗೆ ಒರಗುತ್ತ ಬಂದಳು. ಒಂದು ಕೈಯಲ್ಲಿ ಪೊರಕೆ, ಒಂದು ಕೈ ಹೊಟ್ಟೆಯ ಕೆಳಗೆ. ಅವಳಿಗೂ ಜನ ದಾರಿ ಬಿಟ್ಟರು.

"ಏನು ನೋಡ್ತಿದೀಯಾ? ಎಬ್ಬಿಸು ನಿಮ್ಮತ್ತೇನ!"

ಸೊಸೆ ಹಗ್ಗದವರೆಗೆ ಬಂದಳು. ಬಗ್ಗಲು ನೋಡಿದಳು. ಹೊಟ್ಟೆ ಬಗ್ಗಲು ಬಿಡಲಿಲ್ಲ. ಕೆಂಪು ಮಖಮಲ್ಲಿನ ಹಗ್ಗ ಅವಳ ಹೊಟ್ಟೆಗೆ ತಾಗಿ ನಿಂತಿತು.

ಬಾವಲಮ್ಮ ಎದ್ದಳು.

"ಅಬ್ಬಾ, ಬುದ್ಧಿ ಬಂತಲ್ಲ" ಎಂದು ಸಾಹೇಬರು ಹಣೆ ಒರೆಸಿಕೊಂಡರು.

ಕರಣೆ ಆಗಷ್ಟೇ ಮಸೆದದ್ದು. ಮಖಮಲ್ಲಿಗೆ ಒಂದೇ ಎಳೆತ ಸಾಕಾಯಿತು. ಹಗ್ಗ ಎರಡಾಗಿ ನೆಲಕ್ಕೆ ಬಿತ್ತು. ಬಾವಲಮ್ಮ ಸೊಸೆಯ ಕೈಯಿಂದ ಪೊರಕೆ ತೆಗೆದುಕೊಂಡಳು. ಹೆಗಲು ಹಿಡಿದು, ಮೂರು ತಲೆಮಾರು ಕೂತ ತಗ್ಗಿನಲ್ಲಿ ಅವಳನ್ನು ಮೆಲ್ಲಗೆ ಇಳಿಸಿದಳು. ಊದಿದ ಎಡಪಾದವನ್ನು ತಾನೇ ಎತ್ತಿ ಗುಳಿಯ ಮೇಲಿಟ್ಟಳು. ಹೊರಗಿನ ಉರಿಬಿಸಿಲಿಗೂ ಕಲ್ಲು ತಣ್ಣಗಿತ್ತು. ಸೊಸೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಇನ್ನು ಏಣಿ ಮುಟ್ಟಿದ್ರೆ ಕೈ ಮುರೀತೀನಿ" ಅಂದಳು ಬಾವಲಮ್ಮ.

ಆಮೇಲೆ ಹಿತ್ತಾಳೆ ಕಂಬದಿಂದ ರಟ್ಟಿನ ಫಲಕ ಕಿತ್ತಳು. ಸಮತೆ, ಕರುಣೆ, ಕೂರಬಾರದು ಎಂದೆಲ್ಲ ಬರೆದ ಆ ಫಲಕದಿಂದ ಸೊಸೆಯ ಮುಖಕ್ಕೆ ಗಾಳಿ ಬೀಸತೊಡಗಿದಳು. ಒಳ್ಳೆಯ ದಪ್ಪ ರಟ್ಟು, ಗಾಳಿ ಚೆನ್ನಾಗಿ ಬರುತ್ತಿತ್ತು. ಸಾಹೇಬರು ಏನೋ ಕೂಗುತ್ತಿದ್ದರು. ಪಂಡಿತರು ಒಬ್ಬರನ್ನೊಬ್ಬರು ದೂರುತ್ತಿದ್ದರು. ಗೇಟಿನವನು ಕೋಲನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

ಸೊಸೆ ಒಂದು ಸಲ ಮಿಸುಕಿದಳು. ಬಸುರಿಯ ಮೈ, ತಗ್ಗಿಗೆ ತುಸು ಅಗಲ.

"ಸಾಲ್ತಿಲ್ಲ ಅತ್ತೆ."

"ಕೂತ್ಕೊ" ಅಂದಳು ಬಾವಲಮ್ಮ, ಬೀಸುವುದನ್ನು ನಿಲ್ಲಿಸದೆ. "ಸವೆಯುತ್ತೆ."